ಲೈನ್ ಹರಿದದ್ದು ಎಲ್ಲಿ?

ಪ್ರಶ್ನೆ: ಮಳೆಗಾಲ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಕರೆಂಟ್ ಹೋಗುವುದು ಮಾಮೂಲು. ಲೈನ್‌ಮನ್‌ಗಳು ಟಾರ್ಚ್ ಹಿಡಿದು ತೋಟ, ಗುಡ್ಡ ಅಲೆದು ಫಾಲ್ಟ್ ಹುಡುಕುತ್ತಾರೆ. ಕೃತಕ ಬುದ್ಧಿಮತ್ತೆ ಇದನ್ನು ಕೂತಲ್ಲೇ ಹೇಳಿಬಿಡುತ್ತದಂತೆ, ಹೌದೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಅರ್ಧ ಹೌದು. ಘಟ್ಟ ಹತ್ತಿ ಹೋಗುವ ಗೋಪುರಗಳ ಲೈನಿಗೆ ಹೌದು. ನಿಮ್ಮ ಅಡಿಕೆ ತೋಟದ ಮೇಲೆ ಹಾಯುವ 11 ಕೆ.ವಿ. ಲೈನಿಗೆ ಅಷ್ಟು ಸಲೀಸಲ್ಲ.

ಮೊದಲು ದೊಡ್ಡ ಲೈನು. ಗೇರುಸೊಪ್ಪೆಯ ಟೇಲ್‌ರೇಸ್ ಕೇಂದ್ರದ 240 ಮೆಗಾವಾಟ್, ಕೈಗಾದ ನಾಲ್ಕು ಘಟಕಗಳ 880 ಮೆಗಾವಾಟ್ ಎಲ್ಲ ಹೊರಡುವುದು ಇಂಥ ಲೈನುಗಳ ಮೇಲೆ. (ಜಿಲ್ಲೆಯೊಳಗೆ ಇಷ್ಟೆಲ್ಲ ಹುಟ್ಟಿಯೂ ನಮ್ಮ ಮನೆಯ ದೀಪ ಮಾತ್ರ ಮೊದಲ ಗುಡುಗಿಗೇ ಕಣ್ಣು ಮುಚ್ಚುತ್ತದೆ ಎಂಬ ನಿಮ್ಮ ಗೊಣಗಾಟ ನನಗೆ ಇಲ್ಲಿಂದಲೇ ಕೇಳುತ್ತಿದೆ.) ಲೈನಿನ ಎರಡೂ ತುದಿಯ ಸಬ್‌ಸ್ಟೇಷನ್‌ಗಳಲ್ಲಿ ಲೈನನ್ನು ಕಾಯುವ ರಿಲೇಗಳಿರುತ್ತವೆ. ಫಾಲ್ಟ್ ಆದ ಕ್ಷಣ ವೋಲ್ಟೇಜ್ ಕುಸಿದು ಕರೆಂಟ್ ಏರುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಓಮ್ ಲೆಕ್ಕ ಸಿಗುತ್ತದೆ. ಇಂಥ ಲೈನಿನಲ್ಲಿ ಕಿಲೋಮೀಟರಿಗೆ ಸುಮಾರು 0.4 ಓಮ್. ರಿಲೇಗೆ 4 ಓಮ್ ಕಂಡಿತೆಂದರೆ ಫಾಲ್ಟ್ ಹತ್ತು ಕಿಲೋಮೀಟರ್ ಆಚೆ. ಈ ಲೆಕ್ಕಕ್ಕೆ ಯಾವ ಕೃತಕ ಬುದ್ಧಿಯೂ ಬೇಡ, ದಶಕಗಳಿಂದ ನಡೆದು ಬಂದಿದೆ.

ಇದಕ್ಕಿಂತ ಚುರುಕಾದ ಉಪಾಯವೂ ಇದೆ. ಫಾಲ್ಟ್ ಆದ ಜಾಗದಿಂದ ಒಂದು ಅಲೆ ಎರಡೂ ತುದಿಗೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತದೆ. 40 ಕಿ.ಮೀ. ಲೈನಿನಲ್ಲಿ ಒಂದು ತುದಿಯಿಂದ 10 ಕಿ.ಮೀ. ದೂರದಲ್ಲಿ ಫಾಲ್ಟ್ ಆಯಿತೆನ್ನಿ. ಆ ತುದಿಗೆ ಅಲೆ ಮೊದಲು ಮುಟ್ಟುತ್ತದೆ, ಇನ್ನೊಂದಕ್ಕೆ ಸುಮಾರು 67 ಮೈಕ್ರೊಸೆಕೆಂಡ್ ತಡವಾಗಿ. ಜಿಪಿಎಸ್ ಗಡಿಯಾರಗಳು ಈ ಅಂತರವನ್ನು ಹಿಡಿಯುತ್ತವೆ. ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ಜಾಗ 150 ಮೀಟರ್ ಆಚೀಚೆ, ಅಷ್ಟೇ.

ಹಾಗಿದ್ದರೆ ಕೃತಕ ಬುದ್ಧಿಮತ್ತೆಗೆ ಕೆಲಸವೇನು? ಓಮ್ ಲೆಕ್ಕ ದಾರಿ ತಪ್ಪುವುದು ಮರ ನಡುವೆ ಬಂದಾಗ. ಅಕೇಶಿಯಾದ ಹಸಿ ಟೊಂಗೆ ತಂತಿಗೆ ತಾಗಿದರೆ ಟೊಂಗೆಯ ರೋಧವೂ ಲೆಕ್ಕಕ್ಕೆ ಸೇರಿಕೊಂಡು ಫಾಲ್ಟ್ ಇದ್ದದ್ದಕ್ಕಿಂತ ದೂರ ಕಾಣಬಹುದು. ಇಲ್ಲಿ ನ್ಯೂರಲ್ ನೆಟ್‌ವರ್ಕ್ ನೆರವಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಲೈನಿನ ಮಾದರಿ ಕಟ್ಟಿ, ಅದರ ಮೇಲೆ ಸಾವಿರಾರು ಸುಳ್ಳು ಫಾಲ್ಟ್ ಮಾಡಿಸುತ್ತಾರೆ. ಈ ಕಿಲೋಮೀಟರಿನಲ್ಲಿ, ಆ ಫೇಸಿನಲ್ಲಿ, ಇಷ್ಟು ರೋಧ, ಅಷ್ಟು ಲೋಡ್ ಎಂದು. ಪ್ರತಿಯೊಂದರ ಅಲೆಯ ಆಕಾರವನ್ನೂ ಜಾಗವನ್ನೂ ಜೋಡಿಸಿ ತೋರಿಸುತ್ತಾ ಹೋದರೆ ಯಂತ್ರಕ್ಕೆ ರೂಢಿಯಾಗುತ್ತದೆ. ಬ್ರೇಕರ್ ಬಿದ್ದು ಲೈನ್ ಕಡಿಯುವ ಮುಂಚೆ ಅದರ ಕೈಗೆ ಸಿಗುವುದು ನಾಲ್ಕೈದು ಸೈಕಲ್, ಅಂದರೆ ಸೆಕೆಂಡಿನ ಹತ್ತನೇ ಒಂದು ಪಾಲು. ಅಷ್ಟರಿಂದಲೇ ಊಹಿಸಬೇಕು.

ಈಗ ನಿಮ್ಮ ತೋಟದ ಲೈನಿಗೆ ಬರೋಣ. 11 ಕೆ.ವಿ. ಫೀಡರ್ ನೇರ ಹೋಗುವುದಿಲ್ಲ, ಕೇರಿಗೊಂದು, ಮಜರೆಗೊಂದು ಕವಲೊಡೆಯುತ್ತದೆ. ಯಂತ್ರ 'ಆರು ಕಿಲೋಮೀಟರ್' ಎಂದರೆ ಆರು ಕಿಲೋಮೀಟರ್ ದೂರದ ಜಾಗಗಳು ಮೂರಿರಬಹುದು: ಒಂದು ಹೊಳೆ ದಂಡೆ, ಒಂದು ಗುಡ್ಡದ ನೆತ್ತಿ, ಇನ್ನೊಂದು ಯಾರದೋ ಗೇರು ಪ್ಲಾಟು. ಕವಲುಗಳಲ್ಲಿ ಅಳೆಯುವ ಉಪಕರಣವಿಲ್ಲದೆ ಯಾವುದೆಂದು ಹೇಳಲು ಅದಕ್ಕೆ ದಾರಿಯಿಲ್ಲ.

ಲೈನ್‌ಮನ್‌ಗಳ ಉಪಾಯ ಬೇರೆ. ಆಷಾಢದ ಒಂದು ರಾತ್ರಿ ಅವರ ಹಿಂದೆ ನಡೆದು ನೋಡಿದ್ದೇನೆ. ಫೀಡರಿನ ನಡುವೆ, ಮೂರೂ ತಂತಿಯನ್ನು ಒಟ್ಟಿಗೆ ಬಿಡಿಸುವ ಜಿಒಎಸ್ ಸ್ವಿಚ್ ತೆಗೆದರು. ಸಬ್‌ಸ್ಟೇಷನ್‌ಗೆ ಫೋನ್: 'ಈಗ ಚಾರ್ಜ್ ಮಾಡಿ ನೋಡಿ.' ಎರಡು ನಿಮಿಷ. 'ನಿಂತಿತಾ?' 'ನಿಂತಿತು.' ಹಾಗಾದರೆ ಫಾಲ್ಟ್ ಸ್ವಿಚ್ಚಿನಿಂದ ಆಚೆ. ಮುಂದಿನ ಸ್ವಿಚ್, ಮತ್ತೆ ಅದೇ. ಮೂರನೆಯ ಸಲಕ್ಕೆ ಉಳಿದದ್ದು ಹತ್ತಿಪ್ಪತ್ತು ಕಂಬ. ಅರ್ಧರ್ಧ ಮಾಡುತ್ತಾ ಹುಡುಕುವ ಈ ಕ್ರಮವನ್ನು ಕಂಪ್ಯೂಟರ್ ತರಗತಿಯಲ್ಲಿ ಬೈನರಿ ಸರ್ಚ್ ಎಂದು ಕಲಿಸುತ್ತಾರೆ. ಕೊನೆಗೆ ಸಿಕ್ಕದ್ದು ಪಂಕ್ಚರ್ ಆದ ಒಂದು ಪಿನ್ ಇನ್ಸುಲೇಟರ್. ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ, ಹಗಲಾಗಿದ್ದರೆ ಕಾಣುತ್ತಲೂ ಇರಲಿಲ್ಲವೇನೋ. ಕತ್ತಲಲ್ಲಿ ಅದು ಚಿಟಿಚಿಟಿ ಕಿಡಿ ಕಾರಿತ್ತು ಎಂದು ಪಕ್ಕದ ಮನೆಯವರು ಹೇಳಿದ್ದರಿಂದ ತಿಳಿಯಿತು.

ಕರಾವಳಿಗೇ ಅಂಟಿದ ಇನ್ನೊಂದು ಪೀಡೆ ಉಪ್ಪು. ಬೇಸಿಗೆಯಿಡೀ ಕಡಲ ಗಾಳಿ ಇನ್ಸುಲೇಟರ್ ಮೇಲೆ ಉಪ್ಪಿನ ಪದರ ಹಚ್ಚುತ್ತದೆ. ಧೋ ಎಂದು ಸುರಿದರೆ ತೊಳೆದು ಹೋಗುತ್ತದೆ. ತೊಂದರೆ ಮಾಡುವುದು ಅದಕ್ಕೂ ಮುಂಚಿನ ತುಂತುರು. ಉಪ್ಪು ನೆನೆದು ಕರೆಂಟಿಗೆ ದಾರಿಯಾಗುತ್ತದೆ, ಗಳಿಗೆಯಲ್ಲಿ ಒಣಗಿ ಸುಮ್ಮನಾಗುತ್ತದೆ. ಹುಡುಕಿಕೊಂಡು ಹೋದವರಿಗೆ ಏನೂ ಸಿಗುವುದಿಲ್ಲ.

ಕೃತಕ ಬುದ್ಧಿಮತ್ತೆಯ ಮೇಲೆ ನನಗೆ ನಿಜವಾದ ಆಸೆ ಇರುವುದು ಬೇರೊಂದು ಕಡೆ. ಏಪ್ರಿಲ್‌ನಲ್ಲಿ ತಂತಿ ಹರಿದು ಒಣ ಚಿರೆಕಲ್ಲಿನ ಮೇಲೆ ಬಿತ್ತೆನ್ನಿ. ಆ ನೆಲದಲ್ಲಿ ಕರೆಂಟ್ ಎಷ್ಟು ಕಡಿಮೆ ಹರಿಯುತ್ತದೆಂದರೆ ಬ್ರೇಕರ್‌ಗೆ ಅದು ಸಾಮಾನ್ಯ ಲೋಡಿನಂತೆಯೇ ಕಾಣಬಹುದು. ಲೈನ್ ಟ್ರಿಪ್ ಆಗುವುದಿಲ್ಲ. ತಂತಿ ಜೀವಂತ ಬಿದ್ದಿರುತ್ತದೆ, ದನ ಮೇಯಿಸುವವರು ಅದೇ ದಾರಿಯಲ್ಲಿ ಬರುತ್ತಾರೆ. ಆದರೆ ನೆಲದ ಮೇಲೆ ಕಿಡಿ ಹಾರುವಾಗ ಕರೆಂಟಿನ ಅಲೆ ಒಂದು ಬಗೆಯಲ್ಲಿ ಹರಕಾಗುತ್ತದೆ. ಓಮ್ ಲೆಕ್ಕಕ್ಕೆ ಸಿಗದ ಆ ಹರಕನ್ನು ಗುರುತಿಸಲು ಯಂತ್ರಕ್ಕೆ ಕಲಿಸಬಹುದು. ಜಗತ್ತಿನ ಸಂಶೋಧಕರು ಬಹುಕಾಲದಿಂದ ಇದರ ಬೆನ್ನು ಹತ್ತಿದ್ದಾರೆ. ವೆಲ್ಡಿಂಗ್ ಅಂಗಡಿಯ ಕಿಡಿಯನ್ನೂ ಹರಿದ ತಂತಿಯ ಕಿಡಿಯನ್ನೂ ಬೇರೆ ಮಾಡುವುದೇ ತಲೆನೋವು.

ಸದ್ಯಕ್ಕೆ ಯಂತ್ರಕ್ಕೂ ಲೈನ್‌ಮನ್‌ಗೂ ಬೇಕಾದ ಸುಳಿವು ನಿಮ್ಮ ಬಳಿಯೇ ಇರುತ್ತದೆ. 1912ಕ್ಕೆ ಕರೆ ಮಾಡಿದಾಗ 'ನಮ್ಮಲ್ಲಿ ಕರೆಂಟಿಲ್ಲ' ಎಂದು ಫೋನ್ ಇಡಬೇಡಿ. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ ಟಿಸಿ ನಂಬರ್ ಹೇಳಿ, ಶಬ್ದ ಯಾವ ಕಡೆಯಿಂದ ಬಂತು, ಕಿಡಿ ಎಲ್ಲಿ ಕಂಡಿತು ಎಂಬುದನ್ನೂ ಹೇಳಿ. ತಂತಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಅಡಿಕೆ ದೋಟಿಯಿಂದ ಸರಿಸಲಂತೂ ಹೋಗಲೇಬೇಡಿ.