ಬರಕ್ಕೆ ಬಾಡದ ಹೂಗಿಡಗಳು



ಮನೆಯ ಮುಂದೆ ನಾಲ್ಕು ಹೂಗಿಡವಿರಬೇಕೆಂಬ ಆಸೆ ಎಲ್ಲರಿಗೂ ಸಹಜ. ದೇವರಿಗೆ ಹೂವಾಯಿತು, ಮುಡಿಯಲು ಹೂವಾಯಿತು, ಮನೆಗೆ ಲಕ್ಷಣವೂ ಆಯಿತು. ಹೊಸಹೊಳಲಿನಲ್ಲಿ 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅಂಥ ಊರಿನಲ್ಲಿ ಹೂವಿನ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಹೂವಿಗೆ ಎಷ್ಟು ನೀರು ಹೊರಬೇಕು, ಆ ನೀರನ್ನು ಹೊರುವವರು ಯಾರು ಎಂಬುದನ್ನು ನಾವು ಲೆಕ್ಕ ಹಾಕುವುದು ಕಡಿಮೆ.

ನಮ್ಮ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ನಾಲೆಯ ನೀರು ಹರಿಯುವ ಊರುಗಳಿವೆ. ನಾಲೆಗಿಂತ ಮೇಲಿರುವ, ಮಳೆಯನ್ನೇ ನಂಬಿದ ಊರುಗಳೂ ಇವೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ ದನಕರುಗಳಿಗೆ ನೀರು ಮೊದಲೋ, ಹೂಗಿಡಕ್ಕೆ ಮೊದಲೋ ಎಂದು ಕೇಳಬೇಕಾಗಿಲ್ಲ. ಆದ್ದರಿಂದ ಗಿಡ ಆರಿಸುವಾಗಲೇ ಜಾಣತನ ತೋರಬೇಕು.

ಒಂದು ಸಣ್ಣ ಲೆಕ್ಕ

ನೀರು ಬೇಡುವ ಹತ್ತು ಹೂಗಿಡಗಳಿವೆಯೆಂದಿಟ್ಟುಕೊಳ್ಳಿ. ಗಿಡಕ್ಕೆ ದಿನಕ್ಕೊಂದು ಬಿಂದಿಗೆಯಂತೆ ಫೆಬ್ರವರಿಯಿಂದ ಮೇ ತನಕ 120 ದಿನಗಳಿಗೆ 1,200 ಬಿಂದಿಗೆ ನೀರು ಬೇಕು. ಅದೇ ಹತ್ತು ಬರ ತಡೆಯುವ ಗಿಡಗಳಿಗೆ, ಮೊದಲ ಬೇಸಿಗೆಯಲ್ಲಿ, ವಾರಕ್ಕೊಂದು ಬಿಂದಿಗೆಯಂತೆ 17 ವಾರಗಳಿಗೆ 170 ಬಿಂದಿಗೆ ಸಾಕು. ಬೇರು ಆಳಕ್ಕೆ ಇಳಿದ ಮೇಲೆ ಸಾಮಾನ್ಯ ವರ್ಷಗಳಲ್ಲಿ ಅದೂ ಬೇಕಾಗುವುದಿಲ್ಲ. ಉಳಿದ ಸಾವಿರಕ್ಕೂ ಹೆಚ್ಚು ಬಿಂದಿಗೆಗಳು ಮನೆಯ ಹೆಣ್ಣುಮಕ್ಕಳ ಸೊಂಟದ ಮೇಲಿನ ಭಾರ ಎಂಬುದನ್ನು ಮರೆಯಬಾರದು.

ಯಾವ ಗಿಡ ಆರಿಸಬೇಕು?

ದೂರ ಹುಡುಕಬೇಕಾಗಿಲ್ಲ. ನಮ್ಮ ಬದು, ಬೇಲಿ, ಗೋಮಾಳಗಳಲ್ಲಿ ಯಾರೂ ನೀರೆರೆಯದೆ ಹೂ ಬಿಡುವ ಗಿಡಗಳೇ ನಮ್ಮ ಹಿತ್ತಲಿಗೂ ತಕ್ಕವು.

1. ತಂಗಡಿ: ಇದಕ್ಕೆ ಆವರಿಕೆ ಎಂದೂ ಹೆಸರು. ಬರಡು ಕೆಂಪು ನೆಲದಲ್ಲಿಯೂ ಚಿನ್ನದ ಬಣ್ಣದ ಹೂವನ್ನು ಗೊಂಚಲು ಗೊಂಚಲಾಗಿ ಬಿಡುತ್ತದೆ. ಇದರ ತೊಗಟೆ ಹಿಂದಿನಿಂದಲೂ ಚರ್ಮ ಹದ ಮಾಡಲು ಬಳಕೆಯಾಗಿದೆ. ಸೊಪ್ಪು ಗದ್ದೆಗೆ ಹಸಿರುಗೊಬ್ಬರವಾಗುತ್ತದೆ. ಬೀದಿ ಬದಿಯ ಗಿಡವೆಂದು ನಾವು ತಾತ್ಸಾರ ಮಾಡುವ ಈ ಹೂವೇ ನೆರೆಯ ತೆಲಂಗಾಣದ ರಾಜ್ಯಪುಷ್ಪ. ಅಲ್ಲಿನ ಬತುಕಮ್ಮ ಹಬ್ಬಕ್ಕೆ ಇದು ಬೇಕೇ ಬೇಕು.

2. ಲಕ್ಕಿ: ನೀಲಿ ಹೂವಿನ ತೆನೆಗಳಿಗೆ ಜೇನುನೊಣ ಮುತ್ತುತ್ತವೆ. ಸೊಪ್ಪನ್ನು ಒಣಗಿಸಿ ಕಾಳಿನೊಡನೆ ಇಟ್ಟರೆ ಹುಳುವಿನ ಕಾಟ ಕಡಿಮೆಯಾಗುತ್ತದೆ. ಬೇಲಿಗೆ ಬಹಳ ಒಳ್ಳೆಯದು.

3. ಆಡುಸೋಗೆ: ಬಿಳಿ ಹೂವು, ಅಗಲವಾದ ಎಲೆ. ಕೆಮ್ಮಿಗೆ ಮನೆಮದ್ದೆಂದು ಹೆಸರಾದದ್ದು. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಗಾದೆ. ಆದರೆ ತಂಗಡಿ, ಲಕ್ಕಿ, ಆಡುಸೋಗೆ ಈ ಮೂರಕ್ಕೆ ಆಡುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕುರಿ ಮೇಕೆ ಓಡಾಡುವ ಊರಿಗೆ ಇದು ದೊಡ್ಡ ಗುಣ.

4. ಗೋರಂಟಿ: ಮುಳ್ಳುಗೋರಂಟಿಯದು ಹಳದಿ ಹೂವು. ಮುಳ್ಳಿಲ್ಲದ ಜಾತಿಗಳಲ್ಲಿ ನೇರಳೆ, ಬಿಳಿ ಬಣ್ಣಗಳುಂಟು. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಮೈತುಂಬ ಹೂ ಬಿಡುತ್ತವೆ. ವಾಸನೆಯಿಲ್ಲ, ಆದರೆ ಮಾಲೆಗೆ ಒಪ್ಪುತ್ತವೆ.

5. ಕವಳೆ: ಮಲ್ಲಿಗೆಯಂತೆ ಕಂಪಿನ ಬಿಳಿ ಹೂವು, ಉಪ್ಪಿನಕಾಯಿಗೆ ಆಗುವ ಹುಳಿ ಕಾಯಿ, ದನ ನುಗ್ಗಲಾರದಂಥ ಮುಳ್ಳು. ಒಂದೇ ಗಿಡದಿಂದ ಮೂರು ಲಾಭ.

ಈ ಗಿಡಗಳು ಹಿತ್ತಲಲ್ಲಿದ್ದರೆ ಜೇನುನೊಣ, ದುಂಬಿಗಳು ಬರುತ್ತವೆ. ಕುಂಬಳ, ಸೋರೆ, ಹೀರೆ ಬಳ್ಳಿಗಳು ಕಾಯಿ ಕಚ್ಚಬೇಕಾದರೆ ಇಂಥ ಕೀಟಗಳು ಬೇಕು. ಆದ್ದರಿಂದ ಹೂಗಿಡವು ಬರಿಯ ಅಲಂಕಾರವೆಂದು ತಿಳಿಯಕೂಡದು.

ಬೀಜ ಮತ್ತು ಕಡ್ಡಿ

ತಂಗಡಿಯ ಒಣಗಿದ ಕಾಯಿಗಳನ್ನು ಬದುಗಳಿಂದ ಆರಿಸಿ, ಹುಳು ಕೊರೆಯದ ಬೀಜಗಳನ್ನು ತೆಗೆದುಕೊಳ್ಳಿ. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದ ಇಳಿಸಿದ ನೀರು ಸ್ವಲ್ಪ ಆರಿದ ಮೇಲೆ ಅದರಲ್ಲಿ ಬೀಜ ಹಾಕಿ, ರಾತ್ರಿಯೆಲ್ಲ ನೆನೆಯಲು ಬಿಡಿ, ಬೆಳಗ್ಗೆ ಬಿತ್ತಿ. ಕವಳೆಯ ಬೀಜವನ್ನು ಮಾತ್ರ ಕೂಡಿಡಬಾರದು. ಹಣ್ಣಿನಿಂದ ತೆಗೆದ ಕೆಲವು ದಿನಗಳಲ್ಲೇ ಬಿತ್ತಬೇಕು, ಇಲ್ಲವಾದರೆ ಮೊಳೆಯುವ ಶಕ್ತಿ ಹೋಗುತ್ತದೆ. ಲಕ್ಕಿ, ಆಡುಸೋಗೆ, ಗೋರಂಟಿಗಳನ್ನು ಕಡ್ಡಿಯಿಂದಲೇ ಬೆಳೆಸಬಹುದು. ಒಂದು ಗೇಣುದ್ದದ, ಬಲಿತ ಕಡ್ಡಿಯನ್ನು ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆರಳಿನಲ್ಲಿ ನೆಡಿ.

ಕಾಡಿನಿಂದ ಗಿಡ ಕಿತ್ತು ತರಬೇಡಿ. ಬಲಿತ ಗಿಡದ ತಾಯಿಬೇರು ಕಡಿದರೆ ಅದು ಬದುಕುವುದು ಕಷ್ಟ. ಮೇಲುಕೋಟೆಯ ಸುತ್ತಿನ ಕಾಡು 1974ರಲ್ಲಿ ವನ್ಯಧಾಮವೆಂದು ಘೋಷಿತವಾಗಿದೆ. ಅಲ್ಲಿಂದ ಗಿಡ ಕೀಳುವುದು ಕಾನೂನಿಗೂ ವಿರುದ್ಧ.

ನೆಡುವ ಕ್ರಮ

ಏಪ್ರಿಲ್ ಮೇ ತಿಂಗಳಲ್ಲೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ಐದೈದು ಅಡಿ ಅಂತರದಲ್ಲಿ ತೋಡಿ ಬಿಸಿಲಿಗೆ ಬಿಡಿ. ಅದೇ ಸಮಯದಲ್ಲಿ ಬೀಜವನ್ನು ಚೀಲಗಳಲ್ಲಿ ಬಿತ್ತಿ. ನಮ್ಮ ಸೀಮೆಯಲ್ಲಿ ಮೇ ತಿಂಗಳಲ್ಲೊಮ್ಮೆ ಮಳೆ ಬಂದು, ನಡುವೆ ತೆಳುವಾಗಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಜೋರಾಗುತ್ತದೆ. ಆದುದರಿಂದ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನೊಳಗೆ ಸಸಿ ನೆಡುವುದು ಮೇಲು. ಹಿಂಗಾರಿನ ತೇವದಲ್ಲಿ ಬೇರು ಇಳಿದು, ಬೇಸಿಗೆಗೆ ಗಿಡ ಸಿದ್ಧವಾಗುತ್ತದೆ.

ಗುಂಡಿಗೆ ಮೇಲ್ಮಣ್ಣಿನೊಡನೆ ಒಂದು ಪುಟ್ಟಿ ಕೊಟ್ಟಿಗೆ ಗೊಬ್ಬರ ಸಾಕು. ಹೆಚ್ಚು ಗೊಬ್ಬರ ಹಾಕಿದರೆ ಸೊಪ್ಪು ಬೆಳೆದೀತು, ಹೂ ಕಡಿಮೆಯಾದೀತು. ನೀರು ನಿಲ್ಲುವ ತಗ್ಗು ಈ ಗಿಡಗಳಿಗೆ ಆಗದು. ಬುಡದ ಸುತ್ತ ಕಬ್ಬಿನ ಒಣಸೋಗೆಯನ್ನೋ ತೆಂಗಿನ ಸಿಪ್ಪೆಯನ್ನೋ ಹೊದಿಸಿ; ಗೆದ್ದಲು ಹತ್ತದಂತೆ ಕಾಂಡದಿಂದ ನಾಲ್ಕು ಅಂಗುಲ ದೂರವಿರಲಿ.

ಮೊದಲ ಬೇಸಿಗೆ

ದಿನವೂ ಚೂರು ಚೂರು ನೀರು ಹಾಕಬೇಡಿ. ಹಾಗೆ ಮಾಡಿದರೆ ಬೇರು ಮೇಲೆಯೇ ಉಳಿದು ಗಿಡ ಸೋಮಾರಿಯಾಗುತ್ತದೆ. ವಾರಕ್ಕೊಮ್ಮೆ, ಸಂಜೆಯಲ್ಲಿ, ಒಂದು ಬಿಂದಿಗೆಯಷ್ಟು ನಿಧಾನವಾಗಿ ಇಂಗುವಂತೆ ಹಾಕಿ. ತಳದಲ್ಲಿ ಸಣ್ಣ ತೂತಿರುವ ಹಳೆಯ ಮಡಕೆಯನ್ನು ಪಕ್ಕದಲ್ಲಿ ಹೂತು ಅದಕ್ಕೆ ನೀರು ತುಂಬುವುದು ಇನ್ನೂ ಒಳ್ಳೆಯದು. ಬಿರುಬಿಸಿಲಿನಲ್ಲಿ ಎಲೆ ಉದುರಿತೆಂದು ಗಿಡ ಸತ್ತಿತೆಂದು ತಿಳಿಯಬೇಡಿ. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ, ಮಳೆಗೆ ಚಿಗುರುತ್ತದೆ. ಎರಡನೆಯ ವರ್ಷದಿಂದ ಮುಂಗಾರಿನ ಮೊದಲ ಹದಕ್ಕೆ ಮೂರರಲ್ಲಿ ಒಂದು ಭಾಗವನ್ನು ಸವರಿ, ಸೊಪ್ಪನ್ನು ಹೊಲಕ್ಕೆ ಹಾಕಿ.

ಎರಡು ಎಚ್ಚರಿಕೆಗಳು

ಕಣಗಿಲೆ ಬರ ತಡೆಯುತ್ತದೆ, ಹೂವೂ ಚೆಂದ. ಆದರೆ ಗಿಡವೆಲ್ಲ ವಿಷ. ದನದ ಕೊಟ್ಟಿಗೆ, ನೀರಿನ ತೊಟ್ಟಿ, ಮಕ್ಕಳು ಆಡುವ ಜಾಗದ ಬಳಿ ನೆಡಬಾರದು. ಸವರಿದ ಕೊಂಬೆಯನ್ನು ದನ ಮೇಯುವಲ್ಲಿ ಎಸೆಯಬಾರದು, ಒಲೆಗೂ ಹಾಕಬಾರದು.

ಲಂಟಾನದ ಬಣ್ಣಕ್ಕೆ ಮರುಳಾಗಬೇಡಿ. ಅದು ಅಮೆರಿಕ ಖಂಡದ ಗಿಡ. 19ನೆಯ ಶತಮಾನದಲ್ಲಿ ಅಲಂಕಾರಕ್ಕೆಂದೇ ನಮ್ಮ ದೇಶಕ್ಕೆ ತಂದದ್ದು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಗೋಮಾಳದ ಹುಲ್ಲು, ಕಾಡಿನ ಅಂಚು ಅದರ ಪಾಲಾದವು. ಅದನ್ನು ಮೇಯ್ದ ದನಗಳಿಗೆ ಕಾಯಿಲೆಯಾಗುತ್ತದೆ. ಬರ ತಡೆಯುವುದೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ನೆಲಕ್ಕೆ ಒಗ್ಗಬೇಕು, ನೆರೆಯ ಗಿಡವನ್ನೂ ಬದುಕಲು ಬಿಡಬೇಕು.

ನೆನಪಿಡಿ

ಬೇಸಿಗೆಯಲ್ಲಿ ಗುಂಡಿ, ಹಿಂಗಾರಿಗೆ ಸಸಿ, ವಾರಕ್ಕೊಂದು ಬಿಂದಿಗೆ, ಬುಡಕ್ಕೆ ಹೊದಿಕೆ. ಈ ವರ್ಷ ಮನೆಗೆ ಐದು ಗಿಡಗಳಿಂದ ಆರಂಭಿಸಿ. ಸಸಿ ಬೇಕಾದವರು ಅರಣ್ಯ ಇಲಾಖೆ, ತೋಟಗಾರಿಕೆ ಇಲಾಖೆಗಳ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಬಹುದು. ಮಿಕ್ಕ ಬೀಜವನ್ನು ನೆರೆಮನೆಗೆ ಕೊಡಿ.