ಲಿನಕ್ಸ್‌ನಲ್ಲಿ ಗೇಮ್ ಆಡೋಕಾಗಲ್ವಾ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನನ್ನದು ಅಣ್ಣ ಬಳಸಿ ಕೊಟ್ಟ ಹಳೆಯ ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತು, ವಿಂಡೋಸ್ 11 ಇದರಲ್ಲಿ ಕೂರುವುದಿಲ್ಲ ಎಂದು ಗೊತ್ತಾಗಿ ಲಿನಕ್ಸ್ ಹಾಕಿಕೊಂಡೆ. ಓದಿಗೆ, ಕೋಡಿಂಗಿಗೆ ಏನೂ ತೊಂದರೆಯಿಲ್ಲ. ಆದರೆ ‘ಲಿನಕ್ಸ್‌ನಲ್ಲಿ ಗೇಮ್ ಆಡೋಕಾಗಲ್ಲ’ ಎಂದು ರೂಮಿನವರೆಲ್ಲ ಹೇಳುತ್ತಾರೆ. ಸ್ಟೀಮ್‌ನಲ್ಲಿ ಕೊಂಡ ಕೆಲವು ಆಟಗಳು ಚೆನ್ನಾಗಿಯೇ ನಡೆಯುತ್ತಿವೆ. ಒಂದು ಮಾತ್ರ ‘ಪ್ಲೇ’ ಒತ್ತಿದರೆ ತೆರೆಯುವಂತೆ ಮಾಡಿ ಸುಮ್ಮನಾಗುತ್ತದೆ. ಆನ್‌ಲೈನ್‌ನಲ್ಲಿ ಕೇಳಿದೆ. ಒಬ್ಬರು ‘ನನ್ನಲ್ಲಿ ಸರಿಯಾಗಿಯೇ ನಡೆಯುತ್ತಿದೆ’ ಎಂದರು, ಉಳಿದವರು ಮಾತಾಡಲಿಲ್ಲ. ನಿಜಕ್ಕೂ ಲಿನಕ್ಸ್ ಆಟಕ್ಕೆ ಆಗಿಬರುವುದಿಲ್ಲವೇ?
ಒಬ್ಬ ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮ ರೂಮಿನವರ ಮಾತು ಹತ್ತು ವರ್ಷದ ಹಿಂದೆ ಬಹುಪಾಲು ನಿಜವಾಗಿತ್ತು. ಈಗ ಹಾಗೆ ಹೇಳುವಂತಿಲ್ಲ. ನಿಮ್ಮ ಲ್ಯಾಪ್‌ಟಾಪೇ ಅದಕ್ಕೆ ಸಾಕ್ಷಿ: ಕೆಲವು ಆಟ ನಡೆಯುತ್ತಿವೆ, ಒಂದು ಹಟ ಹಿಡಿದಿದೆ. ಆ ಒಂದರ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಉಳಿದವು ಹೇಗೆ ನಡೆಯುತ್ತಿವೆ ಎಂದು ತಿಳಿದರೆ ಇದರ ಗುಟ್ಟೂ ಸಿಗುತ್ತದೆ.

ನಾನು ಓದುತ್ತಿದ್ದ ಕಾಲದಲ್ಲಿ ಹಾಸ್ಟೆಲಿನಲ್ಲಿ ರಾತ್ರಿ ಊಟ ಮುಗಿದ ಕೂಡಲೇ ರೂಮಿನಿಂದ ರೂಮಿಗೆ ಲ್ಯಾನ್ ಕೇಬಲ್ ಎಳೆದು ಕೌಂಟರ್ ಸ್ಟ್ರೈಕ್ 1.6 ಶುರುವಾಗುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ಲಿನಕ್ಸೂ ಇತ್ತು, ವಿಂಡೋಸೂ ಇತ್ತು. ಅಸೈನ್‌ಮೆಂಟ್ ಬರೆಯುತ್ತಿದ್ದವನನ್ನು ‘ಬಾರೋ, ಒಬ್ಬ ಕಮ್ಮಿ ಇದಾನೆ’ ಎಂದು ಪಕ್ಕದ ರೂಮಿನಿಂದ ಕೂಗಿದರೆ, ಎಲ್ಲ ಮುಚ್ಚಿ, ರೀಸ್ಟಾರ್ಟ್ ಮಾಡಿ, ವಿಂಡೋಸಿಗೆ ಹೋಗುವಷ್ಟರಲ್ಲಿ ಒಂದು ಸುತ್ತು ಮುಗಿದಿರುತ್ತಿತ್ತು. ಅದೇ ಆಟ 2013ರಲ್ಲಿ ಲಿನಕ್ಸಿಗೇ ಬಂತು. ಆ ವರ್ಷದ ಫೆಬ್ರವರಿಯಲ್ಲಿ ಸ್ಟೀಮ್ ಅಂಗಡಿಯನ್ನು ನಡೆಸುವ ವಾಲ್ವ್ ಕಂಪನಿ ಲಿನಕ್ಸಿಗಾಗಿ ಸ್ಟೀಮನ್ನು ಬಿಡುಗಡೆ ಮಾಡಿತ್ತು.

ಆದರೆ ಹಾಗೆ ಲಿನಕ್ಸಿಗೆಂದೇ ಆಟ ತಯಾರಿಸುವವರು ಯಾವಾಗಲೂ ಕಡಿಮೆ. 1998ರಲ್ಲಿ ಅಮೆರಿಕದಲ್ಲಿ ಲೋಕಿ ಎಂಬ ಸಂಸ್ಥೆ ವಿಂಡೋಸ್ ಆಟಗಳನ್ನು ಒಂದೊಂದಾಗಿ ಲಿನಕ್ಸಿಗೆ ತಂದು ಮಾರಲು ಹೊರಟಿತು. ಕೊಳ್ಳುವವರು ಸಾಲದೆ 2002ರ ಜನವರಿಯಲ್ಲಿ ಬಾಗಿಲು ಹಾಕಿತು. ಅಲ್ಲಿದ್ದ ಸ್ಯಾಮ್ ಲಾಂಟಿಂಗಾ ಎಂಬವರು ಬರೆದ ಎಸ್‌ಡಿಎಲ್ ಎಂಬ ತಂತ್ರಾಂಶ ಮಾತ್ರ ಉಳಿಯಿತು. ಪರದೆ, ಸದ್ದು, ಕೀಲಿಮಣೆ, ಜಾಯ್‌ಸ್ಟಿಕ್ ಇವನ್ನೆಲ್ಲ ಆಟಕ್ಕೆ ಒದಗಿಸಿಕೊಡುವ ಅದು ಇಂದಿಗೂ ಅಸಂಖ್ಯ ಆಟಗಳ ಬೆನ್ನೆಲುಬು.

ಇನ್ನೊಂದು ದಾರಿ ಅದಕ್ಕೂ ಹಳೆಯದು. ವಿಂಡೋಸಿಗೆಂದು ಬರೆದ ಆಟ ಪ್ರತಿಯೊಂದಕ್ಕೂ ವಿಂಡೋಸನ್ನೇ ಕೇಳುತ್ತದೆ: ಈ ಕಡತ ತೆರೆದುಕೊಡು, ಈ ಸದ್ದು ಹೊರಡಿಸು, ಈ ಆಕಾರಕ್ಕೆ ಬಣ್ಣ ತುಂಬು. ಇದೆಲ್ಲ ಲಿನಕ್ಸಿಗೂ ಬರುತ್ತದೆ, ಕೇಳುವ ಭಾಷೆ ಮಾತ್ರ ಬೇರೆ. ಹಾಗಾದರೆ ಇಬ್ಬರ ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸಿದರೆ ಸಾಕಲ್ಲ! 1993ರಲ್ಲಿ ಶುರುವಾದ ವೈನ್ ಎಂಬ ತಂತ್ರಾಂಶ ಆ ದುಭಾಷಿ. ಪ್ರೊಸೆಸರ್ ಎರಡು ಕಡೆಯೂ ಒಂದೇ ಆದ್ದರಿಂದ ವೈನ್ ಇಡೀ ಕಂಪ್ಯೂಟರಿನ ನಕಲು ಮಾಡುವುದಿಲ್ಲ, ಕೇಳಿದ್ದನ್ನಷ್ಟೇ ದಾಟಿಸುತ್ತದೆ. ಅದರಿಂದಲೇ ವೇಗ ಹೆಚ್ಚು ಕುಗ್ಗುವುದಿಲ್ಲ. 1994ರಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಎಂಬವರು ಅದನ್ನು ಮುನ್ನಡೆಸುತ್ತಿದ್ದಾರೆ. ಅದರ 1.0 ಆವೃತ್ತಿ ಬಂದದ್ದು 2008ರಲ್ಲಿ. ಹದಿನೈದು ವರ್ಷ ತಾಳ್ಮೆಯಿಂದ ಕೂತು, ವಿಂಡೋಸ್ ಯಾವ ಪ್ರಶ್ನೆಗೆ ಯಾವ ಉತ್ತರ ಕೊಡುತ್ತದೆ ಎಂದು ಹೊರಗಿನಿಂದಲೇ ನೋಡಿ ಕಲಿತು ಬರೆದ ಕೆಲಸ ಅದು.

ಕಷ್ಟದ ಗಂಟು ಚಿತ್ರದ್ದಾಗಿತ್ತು. ವಿಂಡೋಸ್ ಆಟಗಳು ಪರದೆಯ ಮೇಲೆ ಚಿತ್ರ ಬಿಡಿಸಲು ಬಳಸುವ ಡೈರೆಕ್ಟ್3ಡಿ ಭಾಷೆಯನ್ನು ಲಿನಕ್ಸ್‌ನ ಹಳೆಯ ಓಪನ್‌ಜಿಎಲ್‌ಗೆ ತಿರುಗಿಸಿದರೆ ಆಟ ಕುಂಟುತ್ತಿತ್ತು. 2016ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಇನ್ನಷ್ಟು ಹತ್ತಿರದ ವಲ್ಕನ್ ಎಂಬ ಭಾಷೆ ಬಂತು. ‘ನಿಯರ್: ಆಟೊಮಾಟ’ ಎಂಬ ಆಟವನ್ನು ಲಿನಕ್ಸ್‌ನಲ್ಲೇ ಆಡಬೇಕೆಂಬ ಆಸೆಯಿದ್ದ ಫಿಲಿಪ್ ರೆಬೋಲೆ ಎಂಬವರು ಡೈರೆಕ್ಟ್3ಡಿಯಿಂದ ವಲ್ಕನ್‌ಗೆ ದಾಟಿಸುವ ಡಿಎಕ್ಸ್‌ವಿಕೆ ಬರೆದರು. ಒಬ್ಬ ಆಟಗಾರ ತನ್ನ ಮೆಚ್ಚಿನ ಒಂದು ಆಟಕ್ಕಾಗಿ ಹಾಕಿದ ಹಾದಿಯಲ್ಲಿ ಇವತ್ತು ಸಾವಿರಾರು ಆಟಗಳು ನಡೆದು ಬರುತ್ತಿವೆ. ಈ ಮಾತು ಬರೆಯುವಾಗಲೆಲ್ಲ ನನಗೆ ಮನಸ್ಸು ತುಂಬಿಬರುತ್ತದೆ.

ವಾಲ್ವ್ ಕಂಪನಿ ವೈನ್, ಡಿಎಕ್ಸ್‌ವಿಕೆ ಮುಂತಾದವನ್ನು ಒಟ್ಟುಗೂಡಿಸಿ 2018ರ ಆಗಸ್ಟಿನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಸ್ಟೀಮ್ ಒಳಗೇ ಇಟ್ಟಿತು. ಮೊದಲ ದಿನ ಪರೀಕ್ಷಿಸಿ ಒಪ್ಪಿದ ಆಟಗಳು 27. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದೊಳಗೆ ಇರುವುದು ಲಿನಕ್ಸೇ. ಅದನ್ನು ಕೊಂಡವರಲ್ಲಿ ಎಷ್ಟೋ ಜನರಿಗೆ ತಾವು ಲಿನಕ್ಸ್ ಬಳಸುತ್ತಿದ್ದೇವೆ ಎಂಬುದು ನೆನಪಿಗೂ ಬರುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಅದೇ ತಿಂಗಳ ಸ್ಟೀಮ್ ಗಣತಿಯಲ್ಲಿ ಲಿನಕ್ಸ್ ಪಾಲು ಮೊದಲ ಸಲ 3% ದಾಟಿತು. ನಿಮ್ಮಂಥವರು ಇನ್ನೂ ಇದ್ದಾರೆ ಎಂದಾಯಿತು.

ಇನ್ನು ಆಗದಿರುವುದನ್ನೂ ಮುಚ್ಚಿಡದೆ ಹೇಳಬೇಕು. ಎದುರಾಳಿಗಳ ಜೊತೆ ಆನ್‌ಲೈನ್‌ನಲ್ಲಿ ಆಡುವ ಕೆಲವು ಆಟಗಳಲ್ಲಿ ಮೋಸ ತಡೆಯಲು ಒಂದು ಕಾವಲು ತಂತ್ರಾಂಶ ಇರುತ್ತದೆ. ವ್ಯಾಲೊರಂಟ್ ಆಟದ ವ್ಯಾನ್‌ಗಾರ್ಡ್ ವಿಂಡೋಸ್‌ನ ತಿರುಳಿನೊಳಗೇ, ಅಂದರೆ ಕರ್ನಲ್‌ನಲ್ಲೇ, ಕೂತು ಕಾಯುವಂಥದ್ದು. ನಮ್ಮಲ್ಲಿ ಆ ತಿರುಳೇ ಇಲ್ಲ, ಇರುವುದು ದುಭಾಷಿ ಮಾತ್ರ. ಹಾಗಾಗಿ ಬಾಗಿಲು ತೆರೆಯುವುದಿಲ್ಲ. 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟಕ್ಕೂ ಇದೇ ಕಾವಲು ಬಂದು, ಅಲ್ಲಿವರೆಗೆ ವೈನ್ ಮೂಲಕ ಆಡುತ್ತಿದ್ದವರು ಹೊರಗುಳಿದರು. ಬ್ಯಾಟಲ್‌ಐ, ಈಸಿ ಆ್ಯಂಟಿ-ಚೀಟ್ ಎಂಬ ಇನ್ನೆರಡು ಕಾವಲುಗಳು 2021ರಲ್ಲೇ ಪ್ರೋಟಾನ್‌ಗೆ ಒಪ್ಪಿಗೆ ಕೊಟ್ಟಿವೆ. ಆದರೆ ಆಯಾ ಆಟ ತಯಾರಿಸಿದವರೂ ಒಪ್ಪಬೇಕು. ಏಪೆಕ್ಸ್ ಲೆಜೆಂಡ್ಸ್ 2022ರಿಂದ ಒಪ್ಪಿಕೊಂಡಿದ್ದು, 2024ರ ಕೊನೆಗೆ ಮೋಸಗಾರರ ಕಾರಣ ಕೊಟ್ಟು ಬಾಗಿಲು ಮುಚ್ಚಿತು. ಕೌಂಟರ್ ಸ್ಟ್ರೈಕ್ 2, ಡೋಟಾ 2 ಎರಡೂ ಲಿನಕ್ಸಿಗೆಂದೇ ಸಿಗುತ್ತವೆ. ನಿಮ್ಮ ಗೆಳೆಯರ ಬಳಗ ಸಂಜೆಯಾದರೆ ವ್ಯಾಲೊರಂಟ್‌ಗೇ ಕೂರುವುದಾದರೆ, ಆ ಒಂದಕ್ಕೆ ವಿಂಡೋಸ್ ಬೇಕೇ ಬೇಕು. ಇಲ್ಲಿ ನಿಮ್ಮ ಜಾಣತನದಿಂದ ಆಗುವುದೇನೂ ಇಲ್ಲ. ಇಂಥ ಆಟವಾದರೆ ಒದ್ದಾಡಬೇಡಿ.

ನಿಮ್ಮ ಆಟ ಅಂಥದ್ದಲ್ಲ ಎಂದುಕೊಳ್ಳೋಣ. ಎರಡನೆಯದಾಗಿ ನೋಡಬೇಕಾದದ್ದು ಗ್ರಾಫಿಕ್ಸ್. ಈಗಿನ ಡಿಎಕ್ಸ್‌ವಿಕೆಗೆ ವಲ್ಕನ್ 1.3 ಬೇಕು. ಇಂಟೆಲ್ ಆದರೆ 2015ರಲ್ಲಿ ಬಂದ ಆರನೇ ತಲೆಮಾರಿನಿಂದ ಈಚೆಗಿನವಕ್ಕೆ ಅದು ಇದೆ. ಅದಕ್ಕಿಂತ ಹಳೆಯದಾದರೆ ಹೊಸ ಪ್ರೋಟಾನ್‌ನಲ್ಲಿ ಆಟ ಏಳುವುದು ಕಷ್ಟ. ಎನ್‌ವಿಡಿಯಾ ಕಾರ್ಡಿದ್ದರೆ ಸಾಮಾನ್ಯವಾಗಿ ಆ ಕಂಪನಿಯ ಡ್ರೈವರ್ ಬೇರೆಯಾಗಿ ಹಾಕಬೇಕಾಗುತ್ತದೆ. ಉಳಿದ ಆಟಗಳು ನಡೆಯುತ್ತಿವೆ ಎಂದಿದ್ದೀರಿ, ಆದ್ದರಿಂದ ಇದೂ ಕಾರಣ ಇರಲಾರದು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯಿದೆ: ಆ ಆಟ ಯಾವ ಡ್ರೈವ್‌ನಲ್ಲಿದೆ? ನನಗೂ ಒಮ್ಮೆ ಹೀಗೇ ಆಗಿತ್ತು. ‘ಪ್ಲೇ’ ಒತ್ತಿದರೆ ಗುಂಡಿ ನೀಲಿಯಾಗಿ, ಕ್ಷಣ ಬಿಟ್ಟು ಮತ್ತೆ ಹಸಿರಾಗಿ ‘ಪ್ಲೇ’ ಎಂದೇ ನಿಲ್ಲುತ್ತಿತ್ತು. ಎರಡು ಸಂಜೆ ಪ್ರೋಟಾನ್ ಆವೃತ್ತಿ ಬದಲಿಸಿದೆ, ಡ್ರೈವರ್ ಕಿತ್ತು ಮತ್ತೆ ಹಾಕಿದೆ. ಮೂರನೇ ಸಂಜೆ ಸ್ಟೀಮ್‌ನಲ್ಲಿ ಆ ಆಟದ ಪ್ರಾಪರ್ಟೀಸ್‌ಗೆ ಹೋಗಿ, ಲಾಂಚ್ ಆಪ್ಶನ್ಸ್ ಎಂಬಲ್ಲಿ ಲಾಗ್ ಬರೆಯಲು ಸೂಚನೆ ಕೊಟ್ಟೆ. ಹೋಮ್ ಫೋಲ್ಡರಿನಲ್ಲಿ ಆಟದ ಸಂಖ್ಯೆ ಹೊತ್ತ ಒಂದು ಕಡತ ಬಂತು. ತೆರೆದರೆ ಸಾವಿರಾರು ಸಾಲು. ಕೆಳಗಿನಿಂದ ಮೇಲಕ್ಕೆ ಓದುತ್ತಾ ಬಂದಾಗ, ಒಂದು ಫೋಲ್ಡರಿನ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಅದು ನನ್ನ ಹಳೆಯ ಡಿ ಡ್ರೈವ್‌ನೊಳಗಿತ್ತು.

ಆಟ ದೊಡ್ಡದು, ಮತ್ತೆ ಇಳಿಸಿಕೊಳ್ಳುವುದೇಕೆ ಎಂದು ವಿಂಡೋಸ್ ಕಾಲದ ಡಿ ಡ್ರೈವ್‌ನಲ್ಲಿದ್ದುದನ್ನೇ ಸ್ಟೀಮಿಗೆ ತೋರಿಸಿಕೊಟ್ಟಿದ್ದೆ. ಆ ಡ್ರೈವ್ ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಮಾದರಿಯದು. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ಬೊಂಬೆ ವಿಂಡೋಸನ್ನು ಆಟವಿರುವ ಡ್ರೈವ್‌ನಲ್ಲೇ ಕಟ್ಟುತ್ತದೆ. ಅದರೊಳಗೆ ‘ಸಿ’ ಅಕ್ಷರ, ಪಕ್ಕದಲ್ಲಿ ಎರಡು ಚುಕ್ಕೆ, ಹೀಗೆ ಹೆಸರಿರುವ ಒಂದು ಕೊಂಡಿ ಬೇಕು. ಲಿನಕ್ಸ್‌ಗೆ ಆ ಎರಡು ಚುಕ್ಕೆಯಿಂದ ತೊಂದರೆಯಿಲ್ಲ. ವಿಂಡೋಸ್ ಕಡತದ ಹೆಸರಿನಲ್ಲಿ ಅದಕ್ಕೆ ಜಾಗವಿಲ್ಲ. ಡ್ರೈವ್ ಅದನ್ನು ಇರಗೊಡಲಿಲ್ಲ, ಬೊಂಬೆ ವಿಂಡೋಸ್ ಅರ್ಧಕ್ಕೆ ನಿಂತಿತು, ಆಟ ಏಳಲಿಲ್ಲ. ಸ್ಟೀಮ್ ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಆಟವನ್ನು ಲಿನಕ್ಸ್ ಇರುವ ಡ್ರೈವ್‌ಗೆ ಸಾಗಿಸಿದೆ. ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಆಟ ನಡೆಯುತ್ತಿತ್ತು.

ಆ ಫೋಲ್ಡರಿನ ಹೆಸರಿನಿಂದ ಇಷ್ಟೆಲ್ಲ ನನಗೆ ತಾನಾಗಿ ಹೊಳೆದದ್ದಲ್ಲ. ಯಾರೋ ಅಪರಿಚಿತರು ತಮಗಾದದ್ದನ್ನು ಮೂರು ಸಾಲಿನಲ್ಲಿ ಬರೆದಿಟ್ಟಿದ್ದರು: ಆಟ ಯಾವುದು, ಎಲ್ಲಿತ್ತು, ಎಲ್ಲಿಗೆ ಸಾಗಿಸಿದ ಮೇಲೆ ಸರಿಹೋಯಿತು. ಲಿನಕ್ಸ್‌ನಲ್ಲಿ ಆಟ ಆಡುವುದಕ್ಕೂ ಅದರ ಬಗ್ಗೆ ಮಾತಾಡುವುದಕ್ಕೂ ಇರುವ ನಂಟು ಇದು. ಒಂದು ದೊಡ್ಡ ಕಂಪನಿ ಸಾವಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಪರೀಕ್ಷಿಸಿದರೂ ನಿಮ್ಮ ಕಾರ್ಡು, ನಿಮ್ಮ ಡ್ರೈವರ್, ನಿಮ್ಮ ಡಿ ಡ್ರೈವ್ ಮೂರೂ ಅದಕ್ಕೆ ಒಟ್ಟಿಗೆ ಸಿಗುವುದಿಲ್ಲ. ಪ್ರೋಟಾನ್‌ಡಿಬಿ ಎಂಬ ಪಟ್ಟಿಯಲ್ಲಿ ಆಟಗಳಿಗೆ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಎಂದು ದರ್ಜೆ ಸಿಗುವುದು ಆಡಿದವರ ವರದಿಗಳಿಂದಲೇ. ಅದನ್ನು ಓದುವಾಗ ದರ್ಜೆಯೊಂದನ್ನೇ ನೋಡಬೇಡಿ. ಬರೆದವರ ಕಾರ್ಡ್ ನಿಮ್ಮದರಂಥದ್ದೇ, ಬರೆದ ದಿನಾಂಕ ಇತ್ತೀಚಿನದೇ ಎಂದು ನೋಡಿ.

‘ನನ್ನಲ್ಲಿ ನಡೆಯುತ್ತಿದೆ’ ಎಂದವರ ಮೇಲೆ ಬೇಸರ ಬೇಡ. ಅವರು ಹೇಳಿದ್ದು ನಿಜವೇ ಇರಬೇಕು. ಅವರ ಕಂಪ್ಯೂಟರ್, ಡ್ರೈವರ್, ಡ್ರೈವ್ ಯಾವುವು ಎಂದು ಅವರು ಬರೆಯಲಿಲ್ಲ, ನಿಮ್ಮವು ಯಾವುವು ಎಂದು ನೀವೂ ಬರೆದಿರಲಿಲ್ಲ. ಹಾಗಾಗಿ ಮಾತು ಮುಂದಕ್ಕೆ ಹೋಗಲಿಲ್ಲ. ವೈದ್ಯರ ಹತ್ತಿರ ಹೋಗಿ ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಅವರೇನು ಮದ್ದು ಕೊಟ್ಟಾರು? ಜ್ವರ ಎಂದಿನಿಂದ, ಏನು ತಿಂದೆ, ಯಾವ ಮಾತ್ರೆ ನುಂಗಿದೆ, ಎಲ್ಲ ಬೇಕು.

ಇಲ್ಲಿಯೂ ಹಾಗೆಯೇ. ಆಟದ ಹೆಸರು, ಲಿನಕ್ಸ್‌ನ ಯಾವ ಬಗೆ ಮತ್ತು ಆವೃತ್ತಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವರ್, ಪ್ರೋಟಾನ್ ಆವೃತ್ತಿ, ಆಟವಿರುವ ಡ್ರೈವ್ ಯಾವ ಮಾದರಿ ಇಷ್ಟನ್ನು ಮೊದಲು ಬರೆಯಿರಿ. ಇದರಲ್ಲಿ ಲಿನಕ್ಸ್, ಗ್ರಾಫಿಕ್ಸ್ ಕಾರ್ಡ್, ಡ್ರೈವರ್ ವಿವರಗಳು ಸ್ಟೀಮ್‌ನ ಹೆಲ್ಪ್ ಮೆನುವಿನಲ್ಲಿರುವ ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಒಟ್ಟಿಗೇ ಸಿಗುತ್ತವೆ. ಆಮೇಲೆ ಒತ್ತಿದ್ದೇನು, ಕಂಡದ್ದೇನು ಎಂದು ಬರೆಯಿರಿ. ‘ಆಟ ಓಪನ್ ಆಗ್ತಿಲ್ಲ’ ಎನ್ನುವುದಕ್ಕಿಂತ ‘ಕಪ್ಪು ಪರದೆ ಬಂದು ಐದು ಸೆಕೆಂಡಿಗೆ ಮುಚ್ಚಿಹೋಗುತ್ತದೆ’ ಎಂದರೆ ಓದಿದವರಿಗೆ ಹಿಡಿ ಸಿಗುತ್ತದೆ. ಕೊನೆಗೆ ನೀವು ಈಗಾಗಲೇ ಮಾಡಿ ನೋಡಿದ್ದೇನು ಎಂದು ಹೇಳಿ. ಲಾಗ್ ಕಡತವನ್ನು ಜೊತೆಗಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ನಿಮಗೂ ತಿಳಿಯುವುದಿಲ್ಲ, ಬೇರೆಯವರಿಗೂ ಹೇಳಲಾಗುವುದಿಲ್ಲ.

ಇವತ್ತು ರಾತ್ರಿ ಮೊದಲು ಆ ಆಟ ಎಲ್ಲಿದೆ ನೋಡಿ. ಹಳೆಯ ಡಿ ಡ್ರೈವ್‌ನಲ್ಲಿದ್ದರೆ ಲಿನಕ್ಸ್ ಡ್ರೈವ್‌ಗೆ ಸಾಗಿಸಿ ಒತ್ತಿ ನೋಡಿ. ಅಲ್ಲಿಲ್ಲದಿದ್ದರೆ ಲಾಗ್ ತೆಗೆದು, ಮೇಲೆ ಹೇಳಿದ್ದೆಲ್ಲ ಸೇರಿಸಿ ಮತ್ತೊಮ್ಮೆ ಕೇಳಿ. ಸರಿಹೋದ ಸಂತೋಷದಲ್ಲಿ ಒಂದು ಕೆಲಸ ಮಾತ್ರ ಮರೆಯಬೇಡಿ: ನೀವು ಪ್ರಶ್ನೆ ಕೇಳಿದ್ದಿರಲ್ಲ, ಅದರ ಕೆಳಗೇ, ‘ನನ್ನಲ್ಲಿ ನಡೆಯುತ್ತಿದೆ’ ಎಂಬ ಆ ಉತ್ತರದ ಕೆಳಗೆ, ಏನು ಮಾಡಿದ್ದರಿಂದ ಸರಿಹೋಯಿತು ಎಂದು ಮೂರು ಸಾಲು ಬರೆದುಬಿಡಿ. ಇನ್ನೊಂದು ಊರಿನಲ್ಲಿ, ಇನ್ನೊಂದು ಹಾಸ್ಟೆಲಿನಲ್ಲಿ, ಅಣ್ಣನ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಒಬ್ಬರು ಅದನ್ನು ಹುಡುಕಿಕೊಂಡು ಬರುತ್ತಾರೆ.