ಡಬ್ಬಿಂಗ್ ವಿವಾದ: ಅಭಿವ್ಯಕ್ತಿ ಸ್ವಾತಂತ್ರ್ಯ, ಮಾರುಕಟ್ಟೆ ಮತ್ತು ಸೇಡಂ ಸೀಮೆಯ ಪ್ರೇಕ್ಷಕ

೧. ಪ್ರಸ್ತಾವನೆ

ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕುರಿತ ಕನ್ನಡದ ಚರ್ಚೆಗಳು ಬಹುಮಟ್ಟಿಗೆ ಲೇಖಕ ಮತ್ತು ಪ್ರಭುತ್ವ ಎಂಬ ಎರಡು ನೆಲೆಗಳ ನಡುವೆಯೇ ನಡೆದು ಬಂದಿವೆ. ಕೃತಿಯ ಮುಟ್ಟುಗೋಲು, ನಾಟಕದ ನಿಷೇಧ, ಚಲನಚಿತ್ರದ ಸೆನ್ಸಾರ್ ಇವು ಈ ಚರ್ಚೆಯ ಪರಿಚಿತ ಪ್ರಸಂಗಗಳು. ಅರ್ಧ ಶತಮಾನ ಕಾಲ ಕನ್ನಡಕ್ಕೆ ಡಬ್ಬಿಂಗ್ ಚಿತ್ರಗಳು ಬಾರದಂತೆ ತಡೆದ ಕಟ್ಟುಪಾಡು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಇಲ್ಲಿ ತಡೆದದ್ದು ಪ್ರಭುತ್ವವಲ್ಲ, ಉದ್ಯಮ. ಕಳೆದುಕೊಂಡವನು ಲೇಖಕನಲ್ಲ, ಕೇಳುಗ. ಈ ಕಟ್ಟುಪಾಡು ಯಾವ ಭಾಷೆಯಲ್ಲಿ ಸಡಿಲಗೊಂಡಿತು, ಆ ಸಡಿಲಿಕೆಯಿಂದ ದಕ್ಕಿದ ಸ್ವಾತಂತ್ರ್ಯದ ಮಿತಿ ಯಾವುದು ಎಂಬುದನ್ನು ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಪ್ರದೇಶವನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಕಟ್ಟುಪಾಡಿನ ಹಿನ್ನೆಲೆ

1960ರ ದಶಕದ ಆರಂಭದಲ್ಲಿ ಕನ್ನಡ ಚಿತ್ರೋದ್ಯಮವು ಬಹುಪಾಲು ಮದರಾಸಿನ ಸ್ಟುಡಿಯೋಗಳನ್ನೇ ಅವಲಂಬಿಸಿತ್ತು. ಅನ್ಯಭಾಷೆಯ ಪೌರಾಣಿಕ ಚಿತ್ರಗಳಿಗೆ ಕನ್ನಡದ ಧ್ವನಿ ಕೂಡಿಸಿ ಬಿಡುಗಡೆ ಮಾಡುವುದು ಹೊಸ ಚಿತ್ರ ನಿರ್ಮಿಸುವುದಕ್ಕಿಂತ ಅಗ್ಗವಾಗಿತ್ತು. ಅ.ನ. ಕೃಷ್ಣರಾಯ, ಮ. ರಾಮಮೂರ್ತಿ, ವಾಟಾಳ್ ನಾಗರಾಜ್ ಮೊದಲಾದವರು ಮುನ್ನಡೆಸಿದ ಚಳವಳಿ ಇದನ್ನು ವಿರೋಧಿಸಿತು. ಕನ್ನಡದ ಕಲಾವಿದ, ತಂತ್ರಜ್ಞರಿಗೆ ಅನ್ನದ ದಾರಿ ಬೇಕೆಂಬ ಅಂದಿನ ಬೇಡಿಕೆ ನ್ಯಾಯಯುತವಾಗಿಯೇ ಇತ್ತು.

ಆದರೆ ಪರಿಸ್ಥಿತಿ ಬದಲಾದ ಮೇಲೂ ಕಟ್ಟುಪಾಡು ಬದಲಾಗಲಿಲ್ಲ. ಗಮನಿಸಬೇಕಾದ ಅಂಶವೆಂದರೆ, ಈ ಅವಧಿಯುದ್ದಕ್ಕೂ ರೀಮೇಕ್ ಚಿತ್ರಗಳಿಗೆ ಅಂಥ ತಡೆಯಿರಲಿಲ್ಲ. ಪರಭಾಷೆಯ ಕಥೆ ಬರಬಹುದು, ಪರಭಾಷೆಯ ಚಿತ್ರ ಕನ್ನಡದಲ್ಲಿ ಮಾತನಾಡಕೂಡದು ಎಂಬ ಈ ನಿಲುವನ್ನು ಭಾಷಾ ರಕ್ಷಣೆಯ ತರ್ಕವೊಂದರಿಂದಲೇ ವಿವರಿಸುವುದು ಕಷ್ಟ. 2012ರಲ್ಲಿ ‘ಸತ್ಯಮೇವ ಜಯತೇ’ ದೂರದರ್ಶನ ಸರಣಿ ತೆಲುಗು, ತಮಿಳು, ಮಲಯಾಳಂ, ಮರಾಠಿಗಳಲ್ಲಿ ಪ್ರಸಾರವಾದಾಗ ಕನ್ನಡದ ವಾಹಿನಿಗಳಲ್ಲಿ ಬರಲಿಲ್ಲ. ಭ್ರೂಣಹತ್ಯೆಯಂಥ ಸಾರ್ವಜನಿಕ ವಿಷಯದ ಚರ್ಚೆಯೂ ಈ ಕಟ್ಟುಪಾಡಿಗೆ ಒಳಗಾಯಿತು.

೩. ಕಾನೂನಿನ ನೆಲೆ

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯವನ್ನೂ 19(1)(ಜಿ) ವಿಧಿ ವೃತ್ತಿ, ವ್ಯಾಪಾರದ ಸ್ವಾತಂತ್ರ್ಯವನ್ನೂ ಹೇಳುತ್ತವೆ. ಎರಡನೆಯದನ್ನು ಸಾರ್ವಜನಿಕ ಹಿತದ ಹೆಸರಿನಲ್ಲಿ ನಿಯಂತ್ರಿಸಬಹುದು. ಮೊದಲನೆಯದನ್ನು 19(2)ರಲ್ಲಿ ಎಣಿಸಿದ ಕಾರಣಗಳಿಗಷ್ಟೇ ನಿರ್ಬಂಧಿಸಬಹುದು. ವ್ಯಾಪಾರ ನಿಯಂತ್ರಣದ ನೆಪದಲ್ಲಿ ಅಭಿವ್ಯಕ್ತಿಯನ್ನು ಮೊಟಕುಗೊಳಿಸಲಾಗದೆಂದು ಸುಪ್ರೀಂ ಕೋರ್ಟು 1962ರ ಸಕಾಳ್ ಪತ್ರಿಕೆ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮಾಹಿತಿಯನ್ನು ಪಡೆಯುವ ಹಕ್ಕೂ ಈ ಸ್ವಾತಂತ್ರ್ಯದ ಭಾಗವೆಂಬುದನ್ನು 1995ರ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣ ಗುರುತಿಸಿತು.

ಆದರೆ ಡಬ್ಬಿಂಗ್ ಕಟ್ಟುಪಾಡು ಮುರಿದದ್ದು ಈ ದಾರಿಯಿಂದಲ್ಲ. ಕನ್ನಡ ಗ್ರಾಹಕರ ಕೂಟದ ದೂರನ್ನು ಆಧರಿಸಿ, ಭಾರತೀಯ ಸ್ಪರ್ಧಾ ಆಯೋಗವು 2002ರ ಸ್ಪರ್ಧಾ ಕಾಯಿದೆಯ ಅಡಿಯಲ್ಲಿ 2015ರ ಜುಲೈನಲ್ಲಿ ಆದೇಶ ನೀಡಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಉದ್ಯಮದ ಸಂಸ್ಥೆಗಳಿಗೆ ದಂಡ ವಿಧಿಸಿತು. ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಧಾರಾವಾಹಿಯ ತಡೆಯನ್ನು ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಮಾರ್ಚ್‌ನಲ್ಲಿ ಆಯೋಗದ ನಿಲುವನ್ನೇ ಎತ್ತಿಹಿಡಿಯಿತು. ಅದೇ ತಿಂಗಳು ತಮಿಳು ಮೂಲದ ‘ಸತ್ಯದೇವ್ ಐಪಿಎಸ್’ ಕನ್ನಡದಲ್ಲಿ ತೆರೆಕಂಡಿತು.

ಹೀಗೆ ಗೆದ್ದವನು ಗ್ರಾಹಕ, ನಾಗರಿಕನಲ್ಲ. ಚಿತ್ರವು ಸರಕೆಂದೂ ಭಾಷೆಯು ಆ ಸರಕಿನ ಪೂರೈಕೆಯ ಮಾಧ್ಯಮವೆಂದೂ ಭಾವಿಸಿದ ಮೇಲೆ ದಕ್ಕಿದ ಹಕ್ಕು ಇದು. ಮಾರುಕಟ್ಟೆ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಮಾತ್ರ ಇದರ ವ್ಯಾಪ್ತಿ.

೪. ಗಡಿ ಸೀಮೆಯ ಪ್ರೇಕ್ಷಕ

ಕಟ್ಟುಪಾಡಿನ ಹಿಂದೆ ಒಂದು ಗ್ರಹಿಕೆಯಿತ್ತು: ಡಬ್ಬಿಂಗ್ ಇಲ್ಲದಿದ್ದರೆ ಪ್ರೇಕ್ಷಕ ಕನ್ನಡ ಚಿತ್ರವನ್ನೇ ನೋಡುತ್ತಾನೆ. ಸೇಡಂ ಸೀಮೆಯ ಭಾಷಿಕ ಪರಿಸರ ಇದನ್ನು ಒಪ್ಪುವುದಿಲ್ಲ. ಸೇಡಂ, ಚಿಂಚೋಳಿ ತಾಲೂಕುಗಳು ತೆಲಂಗಾಣದ ಗಡಿಗೆ ಹೊಂದಿಕೊಂಡಿವೆ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುದಾರಿ ಚಿತ್ತಾಪುರ, ಸೇಡಂಗಳನ್ನು ಹಾದೇ ಸಾಗುತ್ತದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಕರ್ನಾಟಕಕ್ಕೆ ಸೇರಿದ ಈ ನೆಲದಲ್ಲಿ ಕನ್ನಡದೊಂದಿಗೆ ದಖನಿ ಉರ್ದು, ತೆಲುಗು, ಲಂಬಾಣಿ ನುಡಿಗಳು ಬೆರೆತಿವೆ. ವಾಡಿಯ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಕಲ್ಲುಗಣಿಗಳ ದುಡಿಮೆ ಈ ಬೆರಕೆಯನ್ನು ಇನ್ನಷ್ಟು ಗಾಢಗೊಳಿಸಿದೆ. ಇಂಥಲ್ಲಿ ತೆಲುಗು, ಹಿಂದಿ ಚಿತ್ರಗಳು ಮೂಲದಲ್ಲೇ ಅರ್ಥವಾಗುತ್ತವೆ. ಕಟ್ಟುಪಾಡು ಆ ಚಿತ್ರಗಳನ್ನು ದೂರವಿಡಲಿಲ್ಲ. ಅವುಗಳ ಕನ್ನಡವನ್ನು ಮಾತ್ರ ದೂರವಿಟ್ಟಿತು. ಬೆಂಗಳೂರಿನಲ್ಲಿ ರಕ್ಷಣೆಯೆಂದು ಕಂಡದ್ದು ಗಡಿಯಲ್ಲಿ ಕನ್ನಡದ ಹಿಂಜರಿತವಾಯಿತು.

೫. ಯಾವ ಕನ್ನಡ?

ಬಾಗಿಲು ತೆರೆದ ಮೇಲೆ ಬಂದ ಕನ್ನಡದ ಸ್ವರೂಪವನ್ನೂ ಇಲ್ಲಿ ಪರಿಶೀಲಿಸಬೇಕಾಗುತ್ತದೆ. ಡಬ್ಬಿಂಗ್ ಬರಹಗಾರ ತುಟಿಚಲನೆಗೆ ಬದ್ಧ. ಪಾತ್ರದ ತುಟಿ ಮುಚ್ಚಿದಲ್ಲಿ ಪ, ಬ, ಮ ವರ್ಣಗಳನ್ನು ಹೊಂದಿಸಬೇಕು. ಹಾಡಿನಲ್ಲಿ ಸಿದ್ಧ ರಾಗಕ್ಕೆ ಮಾತ್ರೆಗಳನ್ನು ಕೂಡಿಸಬೇಕು. ತೆಲುಗು, ಕನ್ನಡಗಳ ವಾಕ್ಯರಚನೆ ಸಮೀಪವಾದುದರಿಂದ ಈ ಕೆಲಸ ಅಸಾಧ್ಯವೇನಲ್ಲ. ಪ್ರಶ್ನೆಯಿರುವುದು ಉಪಭಾಷೆಯ ಆಯ್ಕೆಯಲ್ಲಿ. ತೆಲುಗು ಚಿತ್ರರಂಗದಲ್ಲಿ ಬಹುಕಾಲ ಹಾಸ್ಯಪಾತ್ರ, ಖಳಪಾತ್ರಗಳಿಗೆ ಮೀಸಲಾಗಿದ್ದ ತೆಲಂಗಾಣದ ಆಡುನುಡಿ, 2014ರಲ್ಲಿ ರಾಜ್ಯ ರಚನೆಯಾದ ಮೇಲೆ ‘ಫಿದಾ’ (2017), ‘ಬಲಗಂ’ (2023) ಚಿತ್ರಗಳಲ್ಲಿ ಮುಖ್ಯಪಾತ್ರಗಳ ನುಡಿಯಾಯಿತು. ‘ಬಲಗಂ’ ಚಿತ್ರದ ಕೊನೆಯಲ್ಲಿ ಸಾವಿನ ಸಂದರ್ಭದ ಬುಡ್ಗ ಜಂಗಮರ ಹಾಡಿಕೆಯೇ ಕಥೆಯ ಗಂಟನ್ನು ಬಿಚ್ಚುತ್ತದೆ. ಇಂಥ ಮಾತಿಗೂ ಹಾಡಿಗೂ ಕನ್ನಡದಲ್ಲಿ ಸಹಜ ಜೋಡಿ ‘ಬರಾಕತ್ತಾನ’, ‘ಹೋಗ್ಯಾನ’ ಎನ್ನುವ ಸೇಡಂ ಸೀಮೆಯ ನುಡಿಯೇ. ಎಲ್ಲವನ್ನೂ ಬೆಂಗಳೂರಿನ ಶಿಷ್ಟಕ್ಕೆ ಇಳಿಸಿದರೆ ಗಡಿಯ ಪ್ರೇಕ್ಷಕ ಕೊಳ್ಳುವವನಾಗಿಯೇ ಉಳಿಯುತ್ತಾನೆ, ಮಾತನಾಡುವವನಾಗುವುದಿಲ್ಲ. ಒಂಬತ್ತನೆಯ ಶತಮಾನದಲ್ಲಿ ಕನ್ನಡದೊಳಗಿನ ಭೇದಗಳನ್ನು ಗುರುತಿಸಿದ ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ಮಾನ್ಯಖೇಟ, ಇಂದಿನ ಮಳಖೇಡ, ಇದೇ ಸೇಡಂ ತಾಲೂಕಿನಲ್ಲಿದೆ ಎಂಬುದು ಇಲ್ಲಿ ಸ್ಮರಣೀಯ.

೬. ಸಮಾರೋಪ

ಡಬ್ಬಿಂಗ್ ವಿವಾದ ಮುಗಿದರೂ ಉದ್ಯಮದ ತಡೆಯುವ ಶಕ್ತಿ ಮುಗಿದಿಲ್ಲ. ಕನ್ನಡದ ಹುಟ್ಟನ್ನು ಕುರಿತ ನಟನೊಬ್ಬನ ಹೇಳಿಕೆಯ ಕಾರಣದಿಂದ, ಕ್ಷಮೆ ಕೇಳದ ಹೊರತು ಬಿಡುಗಡೆಯಿಲ್ಲವೆಂದು ವಾಣಿಜ್ಯ ಮಂಡಳಿ ಪಟ್ಟುಹಿಡಿದಾಗ, 2025ರ ಜೂನ್ 5ರಂದು ಬೇರೆಡೆ ತೆರೆಕಂಡ ‘ಥಗ್ ಲೈಫ್’ ಕರ್ನಾಟಕದಲ್ಲಿ ತೆರೆಕಾಣಲಿಲ್ಲ. ಪ್ರಮಾಣಪತ್ರ ಪಡೆದ ಚಿತ್ರದ ಪ್ರದರ್ಶನಕ್ಕೆ ರಕ್ಷಣೆ ನೀಡುವುದು ಸರ್ಕಾರದ ಹೊಣೆಯೆಂದು ಸುಪ್ರೀಂ ಕೋರ್ಟು ಆಗ ನೆನಪಿಸಬೇಕಾಯಿತು. 1989ರ ರಂಗರಾಜನ್ ಪ್ರಕರಣದಲ್ಲಿಯೇ ಅದು ಇದನ್ನು ಹೇಳಿತ್ತು. ಹೇಳಿಕೆಯನ್ನು ಖಂಡಿಸುವುದಕ್ಕೂ ಚಿತ್ರವನ್ನು ತಡೆಯುವುದಕ್ಕೂ ಅಂತರವಿದೆ. ಮೊದಲನೆಯದು ಅಭಿವ್ಯಕ್ತಿ, ಎರಡನೆಯದು ಅದರ ನಿರಾಕರಣೆ.

19ನೆಯ ವಿಧಿಯ ಹಕ್ಕನ್ನು ಪ್ರಭುತ್ವೇತರರ ವಿರುದ್ಧವೂ ಕೇಳಬಹುದೆಂದು 2023ರ ಕೌಶಲ್ ಕಿಶೋರ್ ಪ್ರಕರಣದ ಬಹುಮತದ ತೀರ್ಪು ಹೇಳಿದೆ. ಆದುದರಿಂದ ಈ ಚರ್ಚೆಯನ್ನು ಗ್ರಾಹಕನ ನೆಲೆಯಿಂದ ನಾಗರಿಕನ ನೆಲೆಗೆ ತರಲು ಈಗ ಅವಕಾಶವಿದೆ. ಕಾನೂನು ನೀಡಲಾರದ ಉಪಭಾಷೆಯ ಘನತೆಯನ್ನು ಒದಗಿಸುವ ಕೆಲಸ ಕನ್ನಡ ವಿಭಾಗಗಳದು. ಡಬ್ಬಿಂಗ್ ಕನ್ನಡದ ಭಾಷಿಕ ಅಧ್ಯಯನವನ್ನು ಭಾಷಾಂತರ ಅಧ್ಯಯನದ ಒಂದು ಶಾಖೆಯಾಗಿ ಕೈಗೆತ್ತಿಕೊಳ್ಳುವುದು ಅದರ ಮೊದಲ ಹೆಜ್ಜೆಯಾದೀತು.